ಓಟ ನಾಲ್ಕು ವರ್ಷ, ಹೊಟ್ಟೆ ಇಪ್ಪತ್ತೈದು ವರ್ಷ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿನ ಜಾಗದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಓದುಗರ ಪತ್ರಗಳನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಒಂದೂ ಬಿಡದೆ ಓದಿದ್ದೇನೆ. ಗುತ್ತಿಗೆ 2013ರಲ್ಲೇ ಮುಗಿದದ್ದು, 2024ರಲ್ಲಿ 211 ಎಕರೆಯನ್ನು ಪಾಲು ಮಾಡಿ 120 ಎಕರೆ ಪಾಲಿಕೆಯ ಉದ್ಯಾನಕ್ಕೆ, 91 ಎಕರೆ ರೇಸು ನಡೆಸುವ ಟರ್ಫ್ ಕ್ಲಬ್ಬಿಗೆ ಅಂತ ಆದದ್ದು, ಎಲ್ಲವೂ ಬಂತು. ಒಬ್ಬರಿಗೆ ನೆರಳಿನ ಮರ ಬೇಕು, ಒಬ್ಬರಿಗೆ ನೆಲದಡಿಯ ಪಾರ್ಕಿಂಗ್ ಬೇಡ, ಇನ್ನೊಬ್ಬರಿಗೆ ಬೆಳಗಿನ ವಾಕಿಂಗಿಗೆ ಅಡ್ಡಿಯಾಗಬಾರದು. ಕುದುರೆಯ ಸುದ್ದಿ ಬಂದದ್ದು ಎರಡೇ ಸಲ, ಒಂದು ಓಟ ಮುಗಿದ ಕುದುರೆಗಳನ್ನು ಹಳ್ಳಿಯ ಹಸಿರಿಗೆ ಬಿಡಿ ಅನ್ನುವ ಸಲಹೆಯಲ್ಲಿ, ಇನ್ನೊಂದು ಲದ್ದಿ ವಾಸನೆಯ ದೂರಿನಲ್ಲಿ.

ಲದ್ದಿಯಾಗುವ ಮೊದಲು ಅದು ಹುಲ್ಲಾಗಿತ್ತಲ್ಲ, ಆ ಹುಲ್ಲು ಮಾರುವವನು ನಾನು. ಪುಣೆಯಲ್ಲಿ ಮೇವು-ಬೂಸಾದ ಅಂಗಡಿ. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು. 1986ರಲ್ಲಿ ಸೋದರಮಾವನ ಅಂಗಡಿಯಲ್ಲಿ ಮೂಟೆ ಎತ್ತಲು ಬಂದವನು, ಈಗ ಅದೇ ಅಂಗಡಿಯಲ್ಲಿ ಮೂಟೆ ಎತ್ತಿಸುತ್ತೇನೆ. ನನ್ನ ಹೆಸರು ಹಾಕಬೇಡಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ. ಲಾಯದವರು ಇವತ್ತಿಗೂ ನನ್ನ ಗಿರಾಕಿಗಳು, ಬಾಕಿಯೂ ಇದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಮುಂಬೈ ಸೀಸನ್, ಮಳೆ ಹಿಡಿದ ಮೇಲೆ ಜುಲೈಯಿಂದ ಅಕ್ಟೋಬರ್‌ವರೆಗೆ ಪುಣೆ ಸೀಸನ್. ಕುದುರೆಗಳು ಲಾರಿಯಲ್ಲಿ ಘಾಟ್ ಹತ್ತಿ ಬಂದವೆಂದರೆ ನನಗೆ ಶ್ರಾವಣಕ್ಕೆ ಮೊದಲೇ ಹಬ್ಬ. ಓಟ್ಸ್, ಬಾರ್ಲಿ, ಗೋಧಿ ಬೂಸಾ, ಒಣಹುಲ್ಲು, ಕುದುರೆಮೆಂತೆ. ಈ ಕುದುರೆಮೆಂತೆಯನ್ನು ಮರಾಠಿಯವರು ಲಸೂಣ್‌ಘಾಸ್ ಅಂತಾರೆ, ಅದಕ್ಕೂ ಬೆಳ್ಳುಳ್ಳಿಗೂ ಏನೂ ಸಂಬಂಧವಿಲ್ಲ. ನಮ್ಮ ಕನ್ನಡದ ಹೆಸರೇ ಸರಿ, ತಿನ್ನುವವನ ಹೆಸರನ್ನೇ ಸೊಪ್ಪಿಗೆ ಇಟ್ಟಿದ್ದಾರೆ. ಓಟ್ಸ್ ಅಂದರೆ ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಮುಖ ಕಿವುಚಿಕೊಂಡು ತಿನ್ನುತ್ತಾರಲ್ಲ, ಅದೇ. ರೇಸಿನ ಕುದುರೆ ದಿನಕ್ಕೆ ಐದಾರು ಕಿಲೋ ತಿನ್ನುತ್ತದೆ, ಮುಖ ಕಿವುಚದೆ.

ಅಕ್ಟೋಬರಿನ ಕೊನೆಗೆ ವಾಪಸು ಹೋಗುವ ಲಾರಿಗಳಲ್ಲಿ ಬಂದಷ್ಟು ಕುದುರೆ ಇರುವುದಿಲ್ಲ. ಇದು ನನ್ನ ಬಿಲ್ ಪುಸ್ತಕದಲ್ಲಿ ಮೂವತ್ತು ವರ್ಷದಿಂದ ಕಾಣುತ್ತಿರುವ ಸಂಗತಿ. ಕಾಲು ಹೋದದ್ದು, ಉಸಿರು ಹೋದದ್ದು, ಏನೂ ಹೋಗದಿದ್ದರೂ ಗೆಲ್ಲದ್ದು. 'ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ' ಅನ್ನುತ್ತೇವೆ. ಕುದುರೆ ಗೆದ್ದರಷ್ಟೇ ಸಾವಿರ. ಉಳಿದವು ಎಲ್ಲಿ ಹೋಗುತ್ತವೆ ಅಂತ ನಾನೂ ಕೇಳುತ್ತಿರಲಿಲ್ಲ. ಒಂದು ಸಲ ಪುಣೆಯ ಹಡಪಸರದಲ್ಲಿ ಯಾರದೋ ಮದುವೆ ಮೆರವಣಿಗೆ, ಮದುಮಗನನ್ನು ಹೊತ್ತಿದ್ದ ಕುದುರೆಯ ಹೆಗಲ ಮೇಲೆ, ರೇಸಿನ ಕುದುರೆ ಹುಟ್ಟಿಸಿ ಬೆಳೆಸುವ ಸ್ಟಡ್ ಫಾರ್ಮಿನ ಬರೆ ಕಂಡಿತು. ಬ್ಯಾಂಡಿನವರು ಕಿವಿಯ ಪಕ್ಕದಲ್ಲೇ ಬಾರಿಸುತ್ತಿದ್ದರು, ಅದರ ಮೈಯೆಲ್ಲ ಬೆವರು. ನಾನು ಊಟ ಮಾಡಿ, ಮುಯ್ಯಿ ಕೊಟ್ಟು ಮನೆಗೆ ಬಂದೆ. ಅಷ್ಟೆ. ದೊಡ್ಡ ಮನುಷ್ಯ ಅಂತ ಹೇಳಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ.

2024ರ ನವೆಂಬರಿನಲ್ಲಿ ಒಂದು ಲಾಯದ ಮುನೀಮ ಫೋನ್ ಮಾಡಿದ. ಎರಡು ತಿಂಗಳ ಬಾಕಿ ಕೊಡುತ್ತಾನೇನೋ ಅಂದುಕೊಂಡೆ. "ಶೇಟ್, ಒಂದು ಕುದುರೆ ಇದೆ, ಎಲ್ಲಾದರೂ ಜಾಗ ಇದ್ದರೆ ಹೇಳಿ, ಪುಕ್ಕಟೆ" ಅಂದ. ಏಳು ವರ್ಷದ ಗಂಡು, ಕೆಂಪು ಮೈ, ಕರಿ ಜೂಲು. ನಾಲ್ಕು ವರ್ಷ ಓಡಿ ಮೂರು ಸಲ ಗೆದ್ದದ್ದು. ಎಡ ಮುಂಗಾಲಿನ ಹಿಂದಿನ ನರ ಬಾಳೆಕಾಯಿಯ ಹಾಗೆ ಬಾಗಿ ಊದಿಕೊಂಡಿತ್ತು. ಟೆಂಡನ್ ಹೋಯಿತು ಅನ್ನುವುದು ಇದಕ್ಕೇ. ಏಳು ವರ್ಷ ಅಂದೆನಲ್ಲ, ಅದೂ ರೇಸಿನ ಲೆಕ್ಕ. ಯಾವ ತಿಂಗಳಲ್ಲಿ ಹುಟ್ಟಿದ್ದರೂ ಜನವರಿ 1ಕ್ಕೆ ಎಲ್ಲ ಕುದುರೆಗೂ ಒಂದು ವರ್ಷ ಕೂಡುತ್ತದೆ, ನಮ್ಮ ಕಾಲದ ಮಾಸ್ತರರು ಎಲ್ಲ ಹುಡುಗರಿಗೂ ಜೂನ್ 1 ಅಂತ ಬರೆಯುತ್ತಿದ್ದ ಹಾಗೆ.

ಅವನ ರೇಸಿನ ಹೆಸರು ಇಲ್ಲಿ ಬರೆಯುವುದಿಲ್ಲ. ನಾನಿಟ್ಟ ಹೆಸರು ಕೆಂಚ. ತೋಟದ ಕಾವಲಿನ ಮಾಮಾ ಅದನ್ನು ಮರಾಠಿ ಮಾಡಿ ಕೆಂಚ್ಯಾ ಅನ್ನುತ್ತಾನೆ. ಕುದುರೆ ಎರಡಕ್ಕೂ ಓಗೊಡುವುದಿಲ್ಲ.

ತೋಟದ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆದೇವರು ಮೈಲಾರಲಿಂಗ. ಪುಣೆಗೆ ಬಂದ ಮೇಲೆ ಸೋಮವತಿ ಅಮಾವಾಸ್ಯೆ ಬಂತೆಂದರೆ ಜೇಜುರಿಗೆ ಹೋಗುವುದು ರೂಢಿ. ಇಲ್ಲಿ ಖಂಡೋಬಾ, ಅಲ್ಲಿ ಮೈಲಾರ, ಎರಡು ಕಡೆಯೂ ಕುದುರೆಯ ಮೇಲೆ ಕೂತ ಒಬ್ಬನೇ ದೇವರು, ಅದೇ ಭಂಡಾರ. ಆ ಹಾದಿಯಲ್ಲಿ ಸಾಸವಡ ದಾಟಿದ ಮೇಲೆ, ಅಂಜೂರ, ಸೀತಾಫಲದ ತೋಟಗಳ ಒಳಗೆ, ನಾಲ್ಕು ಎಕರೆಯಲ್ಲಿ ಒಬ್ಬ ಅಕ್ಕಾವ್ರು ಇದ್ದಾರೆ. ಧಾರವಾಡ ಕಡೆಯವರು, ಟೀಚರಾಗಿ ನಿವೃತ್ತರಾದವರು. ಬಂದ ಪಿ.ಎಫ್. ಹಣವನ್ನು ಹನ್ನೊಂದು ನಾಯಿ, ಎರಡು ಮುದಿ ಎತ್ತು, ಇಟ್ಟಿಗೆ ಭಟ್ಟಿಯಿಂದ ಬಿಡಿಸಿ ತಂದ ಒಂದು ಕತ್ತೆ, ಒಂದು ಬಿಳಿ ಹೆಣ್ಣುಕುದುರೆಗೆ ಹಾಕಿ ಕೂತಿದ್ದಾರೆ. ಬಿಳಿಯದು ಮುಂಬೈಯ ವಿಕ್ಟೋರಿಯಾ ಗಾಡಿ ಎಳೆದದ್ದು. 2015ರ ಜೂನಿನಲ್ಲಿ ಬಾಂಬೆ ಹೈಕೋರ್ಟು ಮೋಜಿನ ಕುದುರೆಗಾಡಿ ಕಾನೂನುಬಾಹಿರ, ಒಂದು ವರ್ಷದೊಳಗೆ ನಿಲ್ಲಿಸಿ ಅಂದಿತಲ್ಲ, ಆಗಿನದು. ಅಕ್ಕಾವ್ರು ನನ್ನನ್ನು ಕರೆಯುವುದು ಸಾವಕಾರ್ರ ಅಂತ, ಹುಲ್ಲಿನ ದರ ಇಳಿಸಬೇಕಾದಾಗ ಮಾತ್ರ ತಮ್ಮಾ ಅಂತ.

ಕೆಂಚನನ್ನು ಇಳಿಸಲು ಬಂದ ಸಾಯಿಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ರಾಜಸ್ಥಾನದ ಹುಡುಗ, ನಾಲ್ಕು ವರ್ಷ ಇವನ ಜೊತೆಗೇ ಮಲಗಿ ಎದ್ದವನು. ಹೊರಡುವಾಗ ಎರಡೇ ಮಾತು ಹೇಳಿದ. ಎಡಗಿವಿ ಮುಟ್ಟಬೇಡಿ. ಬೆಳಗಿನ ಚಹಾದ ಕೊನೆಯ ಗುಟುಕು ಇವನದು.

ಆಮೇಲೆ ಆದದ್ದನ್ನು ಬರೆಯಲೆಂದೇ ಪೆನ್ನು ಹಿಡಿದೆ. 'ಓಟ ಮುಗಿದ ಕುದುರೆಗಳನ್ನು ಹಳ್ಳಿಗಳ ಹಸಿರಿಗೆ ಬಿಟ್ಟರಾಯಿತು, ಮೇದುಕೊಂಡು ಇರುತ್ತವೆ' ಅಂತ ನಿಮ್ಮ ಓದುಗರೊಬ್ಬರು ಬರೆದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಬರೆದಿರಬೇಕು. ಆದರೆ ಸ್ವಾಮಿ, ಕೆಂಚನಿಗೆ ಮೇಯಲು ಬರುತ್ತಿರಲಿಲ್ಲ.

ಎರಡನೇ ವಯಸ್ಸಿಗೆ ಲಾಯ ಸೇರಿದ ಕುದುರೆ ಅದು. ದಿನದ ಇಪ್ಪತ್ತೆರಡು ಗಂಟೆ ಹನ್ನೆರಡು ಅಡಿಗೆ ಹನ್ನೆರಡು ಅಡಿಯ ಕೋಣೆ. ಹುಲ್ಲು ಅಂದರೆ ಬಲೆಯಲ್ಲಿ ಕಟ್ಟಿ ಎದೆಮಟ್ಟಕ್ಕೆ ನೇತುಹಾಕಿದ್ದು, ನೀರು ಅಂದರೆ ಬಕೆಟ್ಟು. ಲಾರಿಯಿಂದ ಇಳಿದವನು ನಾಲ್ಕು ಎಕರೆ ಬಯಲು ನೋಡಿ ನಡುಗಿದ. ಹಿಂದಕ್ಕೆ ಹಿಂದಕ್ಕೆ ಸರಿದು, ಕಂಪೌಂಡ್ ಗೋಡೆಯೂ ಶೆಡ್ಡಿನ ಗೋಡೆಯೂ ಸೇರುವ ಮೂಲೆ ಹಿಡಿದು ನಿಂತ. ಒಂಬತ್ತು ದಿನ ಅಲ್ಲೇ. ನಾನು ಆ ಮೂಲೆಯನ್ನು ಹೆಜ್ಜೆ ಹಾಕಿ ಅಳೆದೆ. ಅವನು ಲದ್ದಿ ಹಾಕಿ ತುಳಿದ ಜಾಗ ನಾಲ್ಕು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ. ಗೋಡೆ ಇದ್ದದ್ದು ಎರಡೇ ಕಡೆ, ಇನ್ನೆರಡು ಗೋಡೆ ಅವನ ತಲೆಯಲ್ಲಿದ್ದವು.

ಬೆಳಗಿನ ಜಾವ ನಾಲ್ಕಕ್ಕೆ ಸರಿಯಾಗಿ ಕೆನೆಯುತ್ತಿದ್ದ. ಟ್ರ್ಯಾಕಿಗೆ ಹೊರಡುವ ಹೊತ್ತು ಅದು. ಯಾರೂ ಜೀನು ತರಲಿಲ್ಲವೆಂದರೆ ಮರದ ಬೇಲಿಯ ಅಡ್ಡಪಟ್ಟಿಗೆ ಮೇಲಿನ ಹಲ್ಲು ಊರಿ, ಕುತ್ತಿಗೆ ಬಿಲ್ಲಿನ ಹಾಗೆ ಬಾಗಿಸಿ, ಗುಕ್ ಅಂತ ಗಾಳಿ ನುಂಗುವುದು. ಒಂದಾದ ಮೇಲೊಂದು, ತಾಸುಗಟ್ಟಲೆ. ಇದು ಲಾಯದಲ್ಲಿ ಒಂಟಿ ನಿಂತು ನಿಂತು ಅಂಟುವ ಚಟ, ಎಲ್ಲಿಗೆ ಹೋದರೂ ಪೂರ್ತಿ ಬಿಡುವುದಿಲ್ಲ. ಬೇವಿನ ಪಟ್ಟಿಯಲ್ಲಿ ಅವನ ಹಲ್ಲು ಕೊರೆದ ತಗ್ಗು ಈಗ ನನ್ನ ಹೆಬ್ಬೆರಳು ಮುಳುಗುವಷ್ಟಿದೆ.

ಮಾಮಾ ಬೆಳಿಗ್ಗೆ ಚಹಾ ಕುಡಿಯುವಾಗ ಮಾತ್ರ ಕೆಂಚ ಮೂಲೆ ಬಿಟ್ಟು ನಾಲ್ಕು ಹೆಜ್ಜೆ ಬರುತ್ತಿದ್ದ. ಸಾಯಿಸ್ ಹೇಳಿದ್ದು ಸುಳ್ಳಲ್ಲ. ಗ್ಲಾಸಿನ ತಳದ ಚಹಾ ಅಂಗೈಗೆ ಸುರಿದರೆ ತುಟಿಯಲ್ಲೇ ಒರೆಸಿಕೊಂಡು ಹೋಗುವುದು, ಒಂದು ಹನಿ ಉಳಿಯುತ್ತಿರಲಿಲ್ಲ.

ಮೇಯಲು ಕಲಿಸಿದ್ದು ಕತ್ತೆ. ಕತ್ತೆಗೆ ಕಸ್ತೂರಿ ಪರಿಮಳ ತಿಳಿಯದೇ ಇರಬಹುದು, ಹುಲ್ಲಿನ ಪರಿಮಳ ಅದಕ್ಕೆ ತಿಳಿದಷ್ಟು ಯಾರಿಗೂ ತಿಳಿಯದು. ಅದು ಇವನ ಮುಂದೆಯೇ ಬಂದು, ನೆಲಕ್ಕೆ ಮೂತಿ ಹಚ್ಚಿ ಕರ್ ಕರ್ ಅಂತ ಕಿತ್ತುಕೊಂಡು ಸಾಗುವುದು. ಇವನು ನೋಡುವುದು. ಹತ್ತನೇ ದಿನ ಹಿಂದೆ ಹೋದ. ಕುತ್ತಿಗೆಯನ್ನು ಅಷ್ಟು ಕೆಳಗೆ ಇಳಿಸಿ ಅಭ್ಯಾಸವಿರಲಿಲ್ಲವೋ ಏನೋ, ಒಂದು ಬಾಯಿ ಕಿತ್ತರೆ ತಲೆ ಎತ್ತಿ ಸುತ್ತ ನೋಡುವನು. ಬೇರುಸಹಿತ ಕಿತ್ತು, ಮಣ್ಣು ಬಾಯಿಗೆ ಬಂದಾಗ ಉಗುಳಲು ಒದ್ದಾಡುವನು. ತಿಂಗಳು ಕಳೆಯುವುದರೊಳಗೆ ಕತ್ತೆ ಎಲ್ಲಿಯೋ ಇವನೂ ಅಲ್ಲಿ. ಮೂರು ದೊಡ್ಡ ರೇಸ್ ಕಪ್ ಗೆದ್ದ ಮನೆತನದ ಕುದುರೆ, ಇಟ್ಟಿಗೆ ಹೊತ್ತು ಬೆನ್ನು ಬೋಳಾದ ಕತ್ತೆಯ ಹಿಂದೆ.

ಈಗ ನನ್ನ ತಪ್ಪು ಹೇಳಬೇಕು.

ಓಟ ನಿಂತ ಕುದುರೆಗೆ ಓಟ್ಸ್ ಒಮ್ಮೆಲೇ ನಿಲ್ಲಿಸಬಾರದು, ಹೊಸ ಮೇವು ಒಮ್ಮೆಲೇ ಹಾಕಬಾರದು, ಹತ್ತು ದಿನವಾದರೂ ಹಿಡಿದು ಸ್ವಲ್ಪ ಸ್ವಲ್ಪವೇ ಬದಲಿಸಬೇಕು. ಅದರ ಜಠರ ಹೊರಗಿನ ಗಾತ್ರಕ್ಕೆ ಭಾಳ ಸಣ್ಣದು, ಹೆಚ್ಚೆಂದರೆ ಒಂದು ಕೊಡದಷ್ಟು. ಖಾಲಿ ಇದ್ದರೂ ಆಮ್ಲ ಸುರಿಯುತ್ತಲೇ ಇರುತ್ತದೆ, ಅದಕ್ಕೇ ಲಾಯದ ಕುದುರೆಗಳಿಗೆ ಹೊಟ್ಟೆಹುಣ್ಣು ಹೆಚ್ಚು, ಅದಕ್ಕೇ ಒಣಹುಲ್ಲು ಸದಾ ಮುಂದಿರಬೇಕು. ಹಸಿ ಜೋಳದ ಮೇವನ್ನಂತೂ ಕುದುರೆಯ ಹತ್ತಿರ ಸುಳಿಸಬಾರದು, ಅದು ಎತ್ತಿಗೂ ನೋಡಿಯೇ ಹಾಕಬೇಕಾದ್ದು. ಇದೆಲ್ಲ ಮೂವತ್ತೆಂಟು ವರ್ಷ ಗಿರಾಕಿಗಳಿಗೆ ನಾನೇ ಹೇಳಿಕೊಂಡು ಬಂದ ಮಾತು. ಆದರೂ 2025ರ ಸಂಕ್ರಾಂತಿಯ ದಿನ, ಎಳ್ಳುಬೆಲ್ಲ ಹಂಚಿದ ಹುರುಪಿನಲ್ಲಿ, ಇವನಿಗೂ ಹಬ್ಬವಾಗಲಿ ಅಂತ ಎಳೆಯ ಹಸಿ ಕುದುರೆಮೆಂತೆ ನಾಲ್ಕು ಪೆಂಡಿ ಟೆಂಪೋದಲ್ಲಿ ಕಳಿಸಿದೆ. ಮಾಮಾ ಹಬ್ಬದ ಗಡಿಬಿಡಿಯಲ್ಲಿ ನಾಲ್ಕನ್ನೂ ಬಿಚ್ಚಿ ಹಾಕಿದ.

ರಾತ್ರಿ ಹತ್ತಕ್ಕೆ ಫೋನು. "ಸಾವಕಾರ್ರ, ಕೆಂಚ ಹೊಟ್ಟಿ ನೋಡ್ಕೋಳಾಕತ್ತಾನ, ಬರ್ರಿ." ಮೊದಲು ಅರ್ಥವಾಗಲಿಲ್ಲ. ದಿವೆ ಘಾಟಿನ ಚಳಿಯಲ್ಲಿ ಸ್ಕೂಟರ್ ಓಡಿಸಿಕೊಂಡು ಹೋಗಿ ನೋಡಿದರೆ ನಿಜಕ್ಕೂ ಹಾಗೆಯೇ. ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಾನೆ, ಮುಂಗಾಲಿನಿಂದ ನೆಲ ಕೆರೆಯುತ್ತಾನೆ, ಮೇಲ್ತುಟಿ ಮಡಚಿ ಹಲ್ಲು ಬಿಡುತ್ತಾನೆ, ನಕ್ಕ ಹಾಗೆ. ಅದು ನಗುವಲ್ಲ, ಶೂಲೆ. ನೆಲಕ್ಕೆ ಬಿದ್ದು ಹೊರಳಿದರೆ ಕರುಳು ತಿರುಚಿಕೊಂಡೀತು ಅಂತ ಡಾಕ್ಟರು ಬರುವವರೆಗೆ ನಡೆಸಬೇಕು. ನಾನು, ಮಾಮಾ, ಅಕ್ಕಾವ್ರು ಸರದಿಯ ಮೇಲೆ ಹಗ್ಗ ಹಿಡಿದೆವು. ಪಕ್ಕೆಗೆ ಕಿವಿ ಹಚ್ಚಿದರೆ ಗುಡುಗುಡು ಕೇಳಬೇಕು. ಏನೂ ಇಲ್ಲ. ಡೋಲಿನ ಹಾಗೆ ಬಿಗಿದ ಹೊಟ್ಟೆ, ಒಳಗೆ ಮೌನ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೋಗಬೇಕು, ಇಲ್ಲವಾದರೆ ಕುದುರೆಯೇ ಹೋಗುತ್ತದೆ. ಡಾಕ್ಟರು ಹನ್ನೆರಡೂವರೆಗೆ ಬಂದು ಇಂಜೆಕ್ಷನ್ ಕೊಟ್ಟು, ಮೂಗಿನ ಹೊಳ್ಳೆಯಿಂದ ಜಠರಕ್ಕೆ ಉದ್ದದ ನಳಿಗೆ ಇಳಿಸಿದರು. ಹೊರಬಂದ ಗಾಳಿಯಲ್ಲಿ ನಾನು ಕಳಿಸಿದ ಸೊಪ್ಪಿನದೇ ವಾಸನೆ.

ನಾಲ್ಕು ಗಂಟೆಗೆ, ಅವನು ದಿನವೂ ಕೆನೆಯುವ ಹೊತ್ತಿಗೆ, ಬಾಲ ಎತ್ತಿ ಎರಡು ಉಂಡೆ ಲದ್ದಿ ಹಾಕಿದ. ಅರವತ್ತೆಂಟು ವರ್ಷದ ಅಕ್ಕಾವ್ರು ಚಪ್ಪಾಳೆ ಹೊಡೆದರು. ನಾನು ಬ್ಯಾಟರಿ ಬಿಟ್ಟು ನೋಡಿದೆ, ಹಬೆ ಏಳುತ್ತಿತ್ತು. ಲದ್ದಿ ವಾಸನೆ ಅಂತ ಬರೆದ ಓದುಗರು ಆ ಹೊತ್ತಿಗೆ ಅಲ್ಲಿರಬೇಕಿತ್ತು. ಡಾಕ್ಟರ ಬಿಲ್ಲು ನಾನು ಕೊಟ್ಟೆ. ಅಕ್ಕಾವ್ರು ಅವತ್ತಿನಿಂದ ನನ್ನ ಟೆಂಪೋ ಬಂದರೆ ತಾವೇ ನಿಂತು ಬಿಚ್ಚಿಸುತ್ತಾರೆ.

ಮಾರ್ಚಿನಲ್ಲಿ ಇನ್ನೊಂದು ಫೋನು, ಮಾಮಾನದು. "ಕೆಂಚ್ಯಾ ಗೇಲಾ." ಹೋಗಿಬಿಟ್ಟ ಅಂತ. ಹೋಗಿ ನೋಡಿದರೆ ಹುಣಸೆ ಮರದ ಕೆಳಗೆ ನಾಲ್ಕೂ ಕಾಲು ಚಾಚಿ, ಕುತ್ತಿಗೆ ನೆಲಕ್ಕೆ ಹಾಕಿ, ಗೊರಕೆ ಹೊಡೆಯುತ್ತಿದ್ದ. ಕುದುರೆ ನಿಂತೇ ತೂಕಡಿಸುತ್ತದೆ, ನಿಜ, ಆದರೆ ಗಾಢ ನಿದ್ದೆಗೆ ಮಲಗಲೇಬೇಕು, ಮಲಗಲು ಜಾಗದ ಮೇಲೆ ನಂಬಿಕೆ ಬರಬೇಕು. ಬಂದು ಐದನೇ ತಿಂಗಳು ಅದು. ಪಕ್ಕದಲ್ಲಿ ಬಿಳಿ ಕುದುರೆ ಕಾವಲಿಗೆ ನಿಂತಿತ್ತು. ಮಾಮಾನನ್ನು ಬೈಯಲು ಮನಸ್ಸಾಗಲಿಲ್ಲ. ತೋಟಕ್ಕೆ ಬಂದಾಗಿನಿಂದ ಕೆಂಚ ಹಾಗೆ ಮಲಗಿದ್ದನ್ನು ಯಾರೂ ಕಂಡಿರಲಿಲ್ಲ.

ಲಾಳವನ್ನು ಬಂದ ವಾರದಲ್ಲೇ ತೆಗೆಸಿದ್ದೆವು. ರೇಸಿನ ಲಾಳ ಅಲ್ಯೂಮಿನಿಯಮ್ಮಿನದು, ಕೈಯಲ್ಲಿ ಹಿಡಿದರೆ ಮಕ್ಕಳ ಆಟಿಕೆಯಷ್ಟು ಹಗುರ. ಒಂದನ್ನು ಅಂಗಡಿಯಲ್ಲಿ ಬಿಲ್ಲುಗಳ ಮೇಲೆ ಭಾರಕ್ಕೆ ಇಟ್ಟಿದ್ದೇನೆ, ಫ್ಯಾನ್ ಹಾಕಿದರೆ ಅದೂ ಅಲ್ಲಾಡುತ್ತದೆ. ಆರು ವಾರಕ್ಕೊಮ್ಮೆ ಪುಣೆ ಕ್ಯಾಂಪಿನಿಂದ ಲಾಳ ಹೊಡೆಯುವ ನಾಲ್‌ಬಂದ್ ಬಂದು ಗೊರಸು ಕೆತ್ತುತ್ತಾನೆ. ಅವನೇ ತೋರಿಸಿದ: ಗೊರಸಿನ ಮೇಲೆ ಒಂದು ಉಬ್ಬುಗೆರೆ, ಉಂಗುರದ ಹಾಗೆ. ಮೇವು ಬದಲಾದಾಗ, ಜ್ವರ ಬಂದಾಗ ಹೀಗೆ ಗೆರೆ ಬೀಳುತ್ತದಂತೆ. ಕೂದಲಿನ ಅಂಚಿನಲ್ಲಿ ಹುಟ್ಟಿದ ಗೆರೆ ಗೊರಸು ಬೆಳೆದ ಹಾಗೆ ತಿಂಗಳಿಗೆ ಒಂದು ಸೆಂಟಿಮೀಟರಿಗೂ ಕಡಿಮೆ ಕೆಳಗಿಳಿಯುತ್ತದೆ. ನಾವು ಅವನನ್ನು ತಂದ ತಿಂಗಳ ಗೆರೆ ಯುಗಾದಿಗೆ ಅರ್ಧದ ಹತ್ತಿರ ಬಂದಿತ್ತು. 2025ರ ದೀಪಾವಳಿ ಪಾಡ್ಯದ ಮಾರನೆಯ ದಿನ ನಾಲ್‌ಬಂದ್‌ನ ಅರ ತಾಗಿ ಪುಡಿಯಾಗಿ ನೆಲಕ್ಕೆ ಬಿತ್ತು. ನಾಯಿಯೊಂದು ಬಂದು ಅದನ್ನು ತಿಂದಿತು. ನಾಯಿಗಳಿಗೆ ಗೊರಸಿನ ಸಿಪ್ಪೆ ಅಂದರೆ ಪ್ರಾಣ.

ಜ್ಯೇಷ್ಠದ ಕೊನೆಯ ಒಂದು ದಿನವನ್ನೂ ಹೇಳಿಬಿಡುತ್ತೇನೆ. ಆಳಂದಿಯಿಂದ ಮಾವುಲಿಯ, ಅಂದರೆ ಸಂತ ಜ್ಞಾನೇಶ್ವರರ, ಪಾಲಖಿ ದಿವೆ ಘಾಟ್ ಹತ್ತಿ ಸಾಸವಡಕ್ಕೆ ಬರುವುದು ನಿಮ್ಮ ಓದುಗರಿಗೆ ಗೊತ್ತೇ ಇದೆ. ಆ ಪಾಲಖಿಯ ಮುಂದೆ ನಡೆಯುವ ದೇವರ ಕುದುರೆ ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ ಬರುತ್ತದೆ ಅನ್ನುವುದು ಎಷ್ಟು ಕನ್ನಡಿಗರಿಗೆ ಗೊತ್ತೋ. ಶಿತೋಳೆ ಸರದಾರರ ವಾಡೆಯಿಂದ ನಡೆದೇ ಆಳಂದಿ ಮುಟ್ಟುತ್ತದೆ. ಅದರ ಬೆನ್ನ ಮೇಲೆ ಯಾರೂ ಕೂರುವುದಿಲ್ಲ, ಮಾವುಲಿಯೇ ಕೂತಿರುತ್ತಾನೆ ಅಂತ. ಭಕ್ತರ ನಡುವೆ ಕುದುರೆ ಓಡಿಸುವ ರಿಂಗಣದಲ್ಲಿ ಅದು ಓಡಿದಾಗ ಕಾಲಡಿಯ ಮಣ್ಣನ್ನು ಜನ ಹಣೆಗೆ ಹಚ್ಚಿಕೊಳ್ಳುತ್ತಾರೆ.

ಅವತ್ತು ರಸ್ತೆಯಲ್ಲಿ ಲಕ್ಷ ಜನ, ತಾಳ-ಮೃದಂಗ, ಲೌಡ್‌ಸ್ಪೀಕರ್. ತೋಟ ಎರಡು ಕಿಲೋಮೀಟರ್ ಒಳಗಿದ್ದರೂ ಆ ಗದ್ದಲ ಅಲೆ ಅಲೆಯಾಗಿ ಬರುತ್ತಿತ್ತು. ಕೆಂಚನ ಕಿವಿ ಎರಡೂ ಮುಂದಕ್ಕೆ. ಗದ್ದಲ ಅಂದರೆ ಅವನಿಗೆ ಒಂದೇ ಅರ್ಥ. ಕತ್ತೆಯನ್ನು ಬಿಟ್ಟ, ಬಾಲ ಎತ್ತಿದ, ಬೇಲಿಯ ಗುಂಟ ಹ್ಯಾಗೆ ಹೊರಟನೆಂದರೆ ನಾವು ಮೂವರೂ ಗೋಡೆಗೆ ಅಂಟಿಕೊಂಡೆವು. ಎರಡು ಸುತ್ತು. ಆ ಹಾಳಾದ ಕಾಲಿನ ಮೇಲೆ. ನೆಲ ನಡುಗುವುದು ಅಂದರೇನು ಅಂತ ನನಗೆ ಅವತ್ತು ಗೊತ್ತಾಯಿತು, ಮೂವತ್ತೆಂಟು ವರ್ಷ ರೇಸಿನವರಿಗೆ ಮೇವು ಹಾಕಿದ್ದರೂ ಸ್ಟ್ಯಾಂಡಿನಲ್ಲಿ ಕೂತು ಒಂದು ರೇಸು ನೋಡಿದವನಲ್ಲ ನಾನು. ಆಮೇಲೆ ತಾನೇ ನಿಧಾನ ಮಾಡಿ, ಗೇಟಿನ ಹತ್ತಿರ ಬಂದು, ಮೂಗಿನ ಹೊಳ್ಳೆ ಅರಳಿಸಿಕೊಂಡು ನಿಂತ. ಓಟ ಮುಗಿದ ಮೇಲೆ ಯಾರೋ ಒಬ್ಬರು ಬಂದು ಲಗಾಮು ಹಿಡಿಯಬೇಕಲ್ಲ, ಅದಕ್ಕೆ. ಅಕ್ಕಾವ್ರು ಒದ್ದೆ ಗೋಣಿಚೀಲ ತಂದು ಕುತ್ತಿಗೆಗೆ ಹಾಕಿದರು. ಕಾಲು ಮೂರು ವಾರ ಊದಿಕೊಂಡಿತ್ತು.

ರೇಸು ನಿಲ್ಲಿಸಿ ಅನ್ನುವವನಲ್ಲ ನಾನು. ಹಾಗಂದರೆ ಉಂಡ ಮನೆಗೆ ಎರಡು ಬಗೆದಂತೆ. ನನ್ನ ಮಗಳ ಇಂಜಿನಿಯರಿಂಗ್ ಫೀಸು ಓಟ್ಸ್ ಮಾರಿದ ದುಡ್ಡು. ನನ್ನದು ಬರೀ ವ್ಯಾಪಾರಿಯ ಲೆಕ್ಕ. 1943ರಿಂದ ನಡೆದು ಬಂದ ಇಂಡಿಯನ್ ಡರ್ಬಿ ಫೆಬ್ರವರಿಯ ಮೊದಲ ಭಾನುವಾರ 2400 ಮೀಟರ್, ಹೆಚ್ಚುಕಡಿಮೆ ಎರಡೂವರೆ ನಿಮಿಷ. ಕುದುರೆ ಓಡುವುದು ಮೂರು-ನಾಲ್ಕು ವರ್ಷ, ಬದುಕುವುದು ಇಪ್ಪತ್ತೈದು ವರ್ಷ. ಒಂದಕ್ಕೆ ದಿನಕ್ಕೆ ಹತ್ತು ಕಿಲೋ ಒಣಹುಲ್ಲು ಹಿಡಿಯಿರಿ, ತಿಂಗಳಿಗೆ ಮೂರು ಕ್ವಿಂಟಲ್. ನನ್ನ ಖಾತೆ ಪುಸ್ತಕದಲ್ಲಿ ಕೆಂಚನ ಮೇವು-ಬೂಸಾ ಮಾತ್ರ, ಅದೂ ಲಾಭ ಬಿಟ್ಟು, ತಿಂಗಳಿಗೆ ಎಂಟು ಸಾವಿರ. ಡಾಕ್ಟರು, ನಾಲ್‌ಬಂದ್, ಧನುರ್ವಾತದ ಸೂಜಿ, ಜಂತಿನ ಔಷಧ ಬೇರೆ. ಇನ್ನೂ ಹದಿನೈದಿಪ್ಪತ್ತು ವರ್ಷ ಇದನ್ನು ಯಾರು ಕೊಡಬೇಕು? ಒಬ್ಬ ನಿವೃತ್ತ ಟೀಚರೇ?

ಬಹುಮಾನದಲ್ಲಿ ಟ್ರೇನರಿಗೆ ಪಾಲಿದೆ, ಜಾಕಿಗೆ ಪಾಲಿದೆ. ಸರ್ಕಾರ ಕುದುರೆಯ ಮೇಲೆ ಕಟ್ಟುವ ಹಣಕ್ಕೆ ಮೊದಲು ನೂರಕ್ಕೆ 28 ಜಿಎಸ್‌ಟಿ ಹಾಕುತ್ತಿತ್ತು, 2025ರ ಸೆಪ್ಟೆಂಬರಿನಲ್ಲಿ 40 ಮಾಡಿತು. ಕುದುರೆ ತಿನ್ನುವ ಹುಲ್ಲಿಗೆ ಜಿಎಸ್‌ಟಿ ಇಲ್ಲ, ಆ ಮಟ್ಟಿಗೆ ಪುಣ್ಯ. ಆ 40ರಲ್ಲಿ ಒಂದು ರೂಪಾಯಿ, ಗೆದ್ದ ಬಹುಮಾನದಲ್ಲಿ ನೂರಕ್ಕೆ ಒಂದು ರೂಪಾಯಿ, ಆ ಕುದುರೆಯ ಹೆಸರಿನಲ್ಲೇ ಎತ್ತಿಟ್ಟರೆ ಯಾರ ಮನೆಯೂ ಮುಳುಗುವುದಿಲ್ಲ. ಸೋತ ಕುದುರೆಗೂ ಅದರಿಂದಲೇ ಹೊಂದಿಸಬೇಕು, ಹೊಟ್ಟೆ ಅದಕ್ಕೂ ಇದೆ.

ಗುರುತಿನ ಸಮಸ್ಯೆ ಇದೆ ಅಂತ ಯಾರೂ ಹೇಳಲಾರರು. ಕೆಂಚನ ಹೆಗಲ ಮೇಲೆ ಬರೆ ಇದೆ, ಕುತ್ತಿಗೆಯ ಚರ್ಮದಡಿ ಚಿಪ್ ಇದೆ, ಅಪ್ಪ-ಅಮ್ಮ-ಅಜ್ಜನ ಹೆಸರು ದಫ್ತರದಲ್ಲಿದೆ. ನನ್ನ ಮುತ್ತಜ್ಜನ ಹೆಸರು ನನಗೆ ಗೊತ್ತಿಲ್ಲ, ಅವನದು ಮೂರು ಅರಬ್ಬೀ-ತುರ್ಕಿ ಮೂಲದ ಗಂಡುಕುದುರೆಗಳವರೆಗೆ ಹೋಗಿ ಮುಟ್ಟುತ್ತದೆ. ಇಷ್ಟೆಲ್ಲ ಬರೆದಿಡುವವರು ಓಟ ನಿಂತ ಮೇಲೆ ವರ್ಷಕ್ಕೊಮ್ಮೆ 'ಇಂಥ ಕುದುರೆ ಇಂಥಲ್ಲಿದೆ, ಜೀವಂತ ಇದೆ' ಅಂತ ಒಂದು ಸಾಲು ಬರೆಸಿಕೊಳ್ಳಲಿ. ಬರೆಸದ ಒಡೆಯನಿಗೆ ಹೊಸ ಕುದುರೆ ಓಡಿಸಲು ಕೊಡಬಾರದು. ಕಾನೂನು ಇದೆಯಲ್ಲ ಅನ್ನುತ್ತೀರಿ. ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ, ಹಸಿವು ನೀರಡಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಬಿಡುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಐವತ್ತು ರೂಪಾಯಿಗೆ ನನ್ನ ಅಂಗಡಿಯಲ್ಲಿ ಕೆಂಚನ ಅರ್ಧ ದಿನದ ಹುಲ್ಲೂ ಬರುವುದಿಲ್ಲ.

ಇನ್ನು ನಮ್ಮವರಿಗೆ ಎರಡು ಮಾತು. ಪುಣೆ, ಮುಂಬೈಯಲ್ಲಿ ಹೋಟೆಲು ಮಾಡಿ ನಾಲ್ಕು ಕಾಸು ಕಂಡ ಕೆಲವು ಹಿರಿಯರು ಊರಿನ ತೋಟಕ್ಕೊಂದು ಕುದುರೆ ಕಟ್ಟೋಣ, ಮೊಮ್ಮಕ್ಕಳು ಸವಾರಿ ಮಾಡಲಿ, ಪುಕ್ಕಟೆ ಸಿಗುತ್ತದಂತಲ್ಲ ಅಂತ ನನ್ನನ್ನೇ ಕೇಳುತ್ತಾರೆ. ಬೇಡಿ ಸ್ವಾಮಿ. ಒಂಟಿ ಕಟ್ಟಿದ ಕುದುರೆ ಗಾಳಿ ನುಂಗುತ್ತ ನಿಲ್ಲುತ್ತದೆ. ಕೊನೆಪಕ್ಷ ಒಂದು ಕತ್ತೆ, ಕುದುರೆ ನೋಡಬಲ್ಲ ಡಾಕ್ಟರು, ನಾಲ್‌ಬಂದ್, ಮೂವರೂ ಹತ್ತಿರ ಇದ್ದರೆ ಮಾತ್ರ ಯೋಚಿಸಿ. ಎರಡನೆಯದು, ಭಾನುವಾರ ಜೇಜುರಿಗೆ ಹೋಗಿ ಬರುತ್ತ ತೋಟಕ್ಕೆ ಬರುವವರದು. ಬನ್ನಿ, ಸಂತೋಷ. ಬ್ರೆಡ್ಡು, ಉಳಿದ ಚಪಾತಿ, ಶೇಂಗಾ ಉಂಡಿ, ಪ್ರಸಾದದ ಹೋಳಿಗೆ ತರಬೇಡಿ. ಶೂಲೆ ಬಂದ ರಾತ್ರಿ ನೀವು ಮನೆಯಲ್ಲಿ ಮಲಗಿರುತ್ತೀರಿ. ಏನಾದರೂ ತರಲೇಬೇಕೆಂದರೆ ಗಜ್ಜರಿ ತನ್ನಿ, ಉದ್ದಕ್ಕೆ ಸೀಳಿ ಕೊಡಿ, ದುಂಡಗೆ ಹೆಚ್ಚಿದರೆ ಗಂಟಲಿಗೆ ಸಿಗುತ್ತದೆ. ಎಡಗಿವಿ ಮುಟ್ಟಬೇಡಿ.

ಪತ್ರ ಉದ್ದವಾಯಿತು. ಜಾಗ ಸಾಲದಿದ್ದರೆ ಮೈಲಾರಲಿಂಗನ ಮಾತು ತೆಗೆಯಿರಿ, ಅವನೇನೂ ಅಂದುಕೊಳ್ಳುವುದಿಲ್ಲ. ನನ್ನ ಮಗಳ ಫೀಸಿನ ಮಾತೂ ತೆಗೆಯಬಹುದು, ಅವಳು ಖಂಡಿತ ಅಂದುಕೊಳ್ಳುತ್ತಾಳೆ. ಬ್ರೆಡ್ಡಿನದು ಮಾತ್ರ ಇರಲಿ.

ಇತಿ,
ನಿಮ್ಮ ಓದುಗ, ಮೇವು-ಬೂಸಾ ವ್ಯಾಪಾರಿ
ಪುಣೆ